ಹೇಳಿದ್ದರ ಅರ್ಧಕ್ಕೆ ಕೇಳು

ಮಂಡಕಳ್ಳಿ ಅಂದರೆ ಮೈಸೂರಿನವರಿಗೆ ವಿಮಾನ ನಿಲ್ದಾಣ. ನಮಗೆ ಮಾತ್ರ ಪಕ್ಕದ ಮನೆ ಅಕ್ಕನ ಕಾಂಪೌಂಡ್ ಗೋಡೆ. ವಿಮಾನಕ್ಕಾದರೂ ಟೈಮ್ ಅಂತ ಒಂದಿದೆ, ಗೋಡೆ ಮೇಲಿನ ಮಾತಿಗೆ ಅದೂ ಇಲ್ಲ. ಮೊನ್ನೆ ಅಕ್ಕ ಆ ಗೋಡೆಯ ಮೇಲೆ ಹೊಸ ಚಪ್ಪಲಿ ಜೋಡಿ ತಂದಿಟ್ಟರು.

“ರಿಂಗ್ ರೋಡಲ್ಲಿ ಅರ್ಬನ್ ಹಾತ್ ಮೇಳಕ್ಕೆ ಹೋಗಿದ್ನಲ್ಲ, ಅಲ್ಲಿ ತಗಂಡೆ ಕಣಪ್ಪ. ಅಥಣಿ ಕಡೆಯೋನಂತೆ. ಸಾವಿರದಿನ್ನೂರು ಅಂದ. ಆರುನೂರಕ್ಕೆ ಕೇಳಿ ಎಂಟುನೂರಕ್ಕೆ ತಂದು ನಿಲ್ಸಿದೆ.”

ಈ ಅರ್ಧಕ್ಕೆ ಕೇಳುವ ವಿದ್ಯೆ ಅಕ್ಕನಿಗೆ ನಂಜನಗೂಡು ದೊಡ್ಡಜಾತ್ರೆಯಲ್ಲಿ ಬಳೆ ಕೊಳ್ಳುವಾಗ ಕರಗತವಾದದ್ದು. ಸುತ್ತೂರು ಜಾತ್ರೆ, ದಸರಾ ವಸ್ತುಪ್ರದರ್ಶನ ಎಲ್ಲ ಕಡೆಯೂ ಅದೇ ಮಂತ್ರ.

“ಹೋದ ತಿಂಗಳು ಮಾಲ್‌ನಲ್ಲಿ ಮಗನಿಗೆ ಮೂರು ಸಾವಿರದ ಶೂ ತಗೊಂಡ್ರಲ್ಲ ಅಕ್ಕ, ಅಲ್ಲಿ ಎಷ್ಟು ಇಳಿಸಿದ್ರಿ?”

“ಅಲ್ಲಿ ಸ್ಟಿಕ್ಕರ್ ಅಂಟ್ಸಿರ್ತಾರೆ. ಸ್ಟಿಕ್ಕರ್ ಜೊತೆ ಯಾರು ಚೌಕಾಸಿ ಮಾಡ್ತಾರೆ?”

ನಾನು ಚಪ್ಪಲಿ ತಿರುವಿ ಹಾಕಿ ನೋಡಿದೆ. ಎಲ್ಲೂ ಒಂದು ಮೊಳೆ ಇಲ್ಲ. ಅಟ್ಟೆಯ ಪದರಗಳನ್ನು ಹಿಡಿದಿರುವುದು ಸಣ್ಣ ಚರ್ಮದ ದಾರ. ಅಂಚಿನುದ್ದಕ್ಕೂ ಒಳಗೆ ಹೊರಗೆ ಹಾದು ಹೋಗಿದೆ. ಮೇಲಿನ ಪಟ್ಟಿಯ ನಡುವೆ ಜಡೆಯಂತೆ ಹೆಣೆದ ಎಳೆ. ಈ ಹೆಣಿಗೆ ಹೆಚ್ಚಾಗಿ ಮನೆಯ ಹೆಂಗಸರ ಕೆಲಸ. ಮೇಳದ ಮಳಿಗೆಯಲ್ಲಿ ಕೂತಿರುವವನು ಗಂಡಸು, ಹೆಣೆದವಳು ಅಥಣಿಯಲ್ಲೇ ಇರುತ್ತಾಳೆ. ಮೂಗಿನ ಹತ್ತಿರ ಹಿಡಿದರೆ ತೊಗಟೆಯ ವಾಸನೆ. ಸುಣ್ಣದ ನೀರಲ್ಲಿ ನೆನೆಸಿ ಕೂದಲು ತೆಗೆದ ತೊಗಲನ್ನು ಜಾಲಿ ತೊಗಟೆ, ಅಳಲೆಕಾಯಿ ಪುಡಿಯ ರಸದಲ್ಲಿ ಹದ ಮಾಡುವುದು ಹಳೆಯ ಪದ್ಧತಿ. ಅದು ಒಂದೆರಡು ದಿನದಲ್ಲಿ ಮುಗಿಯುವ ಕೆಲಸವಲ್ಲ. ಕತ್ತರಿಸಿ ಹೊಲಿಯುವ ಲೆಕ್ಕ ಆಮೇಲಿನದು.

“ಇದಕ್ಕೆ ಜಿಐ ಅಂತ ಸರ್ಕಾರದ ಗುರುತೂ ಇದೆ ಅಕ್ಕ. ಹೆಸರು ಕೊಲ್ಹಾಪುರಿ ಅಂತಿದ್ರೂ 2019ರಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಕ್ಕೂ ಸೇರಿಸಿ ಕೊಟ್ಟಿದ್ದು.”

“ಗುರುತು ಇಟ್ಕೊಂಡು ಅವನೇನು ಉಪ್ಪಿನಕಾಯಿ ಹಾಕ್ತಾನಾ? ಯಾಪಾರ ಆದ್ರೆ ತಾನೆ?” ಅಂದರು ಅಕ್ಕ. ಅದೂ ನಿಜವೇ.

ಮೇಳದಲ್ಲಿ ಚಪ್ಪಲಿ ಮಾರುವವನ ಪಾಡು ಸೀರೆಯವನಿಗೂ ಇಲ್ಲ, ಚನ್ನಪಟ್ಟಣದ ಬೊಂಬೆಯವನಿಗೂ ಇಲ್ಲ. ಬೊಂಬೆ ಎಲ್ಲ ಮಕ್ಕಳಿಗೂ ಆಗುತ್ತದೆ. ಚಪ್ಪಲಿ ಕಾಲಿಗೆ ಆಗಬೇಕಲ್ಲ! ಹತ್ತು ಡಿಸೈನು, ಐದು ಸೈಜು ಅಂದರೆ ಒಂದೊಂದೇ ಜೊತೆ ತಂದರೂ 50 ಜೊತೆ. ಅದರಲ್ಲಿ ಎಂಟನೇ ನಂಬರು ಮೊದಲ ದಿನವೇ ಖಾಲಿ, ಉಳಿದದ್ದು ಯಾರ ಕಾಲಿಗೂ ಸೇರದ ಅಳತೆ. ಹಾಗಾಗಿಯೇ ಚರ್ಮದ ಮಳಿಗೆಗಳ ಎದುರು ಸಾಲಿನಲ್ಲಿ ಬೆಲ್ಟು, ಪರ್ಸು, ಕೀ ಗೊಂಚಲು ನೇತಾಡುತ್ತಿರುತ್ತವೆ. ಬೆಲ್ಟಿಗೆ ಇನ್ನೊಂದು ತೂತು ಹೊಡೆದರಾಯಿತು. ಪರ್ಸಿಗೆ ಅಳತೆಯ ಗೊಡವೆಯೇ ಇಲ್ಲ. ಅಂದಿನ ಊಟದ ಖರ್ಚು ಗಿಟ್ಟುವುದು ಆ ಗೊಂಚಲಿನಿಂದ. ಹೆಸರು ಬರುವುದು ಮಾತ್ರ ಚಪ್ಪಲಿಯಿಂದ.

ಮಳಿಗೆಗೆ ಬರುವವರೂ ಒಬ್ಬೊಬ್ಬರು ಒಂದೊಂದು ಥರ. ಒಬ್ಬರು ಪರ್ಸನ್ನು ಮೂಸುತ್ತಾರೆ. ಇನ್ನೊಬ್ಬರು ಉಗುರಿನಿಂದ ಕೆರೆಯುತ್ತಾರೆ. ಲೈಟರ್ ತೆಗೆದು “ಸುಟ್ಟು ನೋಡ್ಲಾ, ಒರಿಜಿನಲ್ ಆದ್ರೆ ಹತ್ತಲ್ಲ” ಅನ್ನುವ ವಿಜ್ಞಾನಿಗಳೂ ಇದ್ದಾರೆ. ಇವರೆಲ್ಲ ಪರೀಕ್ಷೆ ಮುಗಿಸಿ ಕೊಳ್ಳದೆ ಹೋಗುತ್ತಾರೆ. ಕೊನೆಯ ದಿನ ಸಂಜೆ ಮಾತ್ರ ತಪ್ಪದೆ ಬರುತ್ತಾರೆ. ಆರುನೂರು ಕಿಲೋಮೀಟರ್ ಆಸುಪಾಸಿನ ಊರಿಗೆ ಮೂಟೆ ವಾಪಸ್ ಹೊರಲಾರದೆ ಅವನು ಬೆಲೆ ಇಳಿಸುತ್ತಾನೆ ಅನ್ನುವುದು ಇವರಿಗೆ ಗೊತ್ತು.

ಬೆಲೆಯ ಮಾತು ಬಂದದ್ದಕ್ಕೆ ಅಕ್ಕನಿಗೆ ಪ್ರಾಡಾ ಕಥೆ ಹೇಳಿದೆ. 2025ರ ಜೂನ್‌ನಲ್ಲಿ ಈ ಇಟಲಿ ಕಂಪನಿ ಮಿಲಾನ್‌ನ ಫ್ಯಾಷನ್ ಶೋನಲ್ಲಿ ಥೇಟ್ ಇಂಥದೇ ಚಪ್ಪಲಿ ತೊಡಿಸಿ ಮೆರೆಸಿತು, ಎಲ್ಲಿಯದೆಂದು ಬಾಯಿ ಬಿಡಲಿಲ್ಲ. ಇಲ್ಲಿ ಗಲಾಟೆಯಾದ ಮೇಲೆ ಒಪ್ಪಿಕೊಂಡಿತು. ಡಿಸೆಂಬರ್‌ನಲ್ಲಿ ಸರ್ಕಾರಿ ಚರ್ಮೋದ್ಯಮ ನಿಗಮಗಳಾದ ಮಹಾರಾಷ್ಟ್ರದ ಲಿಡ್‌ಕಾಮ್ ಮತ್ತು ನಮ್ಮ ಲಿಡ್ಕರ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿತು. ಆ ಚಪ್ಪಲಿ ಒಂದು ಜೊತೆಗೆ ಸುಮಾರು 800 ಯೂರೋ ಬೆಲೆಯಂತೆ.

“ನಮ್ಮ ದುಡ್ಡಲ್ಲಿ ಎಷ್ಟಪ್ಪ?”

“ಎಂಬತ್ತು ಸಾವಿರ ದಾಟುತ್ತೆ.”

ಅಕ್ಕ ಒಂದು ಗಳಿಗೆ ಸುಮ್ಮನಿದ್ದು, “ನಾನಾಗಿದ್ರೆ ನಲವತ್ತಕ್ಕೆ ಕೇಳ್ತಿದ್ದೆ” ಅಂದರು.

ಲಿಡ್ಕರ್ ಹುಟ್ಟಿದ್ದು 1976ರಲ್ಲಿ. 2023ರಲ್ಲಿ ನಟ ಡಾಲಿ ಧನಂಜಯ ಅದರ ರಾಯಭಾರಿಯಾದ ಮೇಲೆ ಹುಡುಗರ ಬಾಯಲ್ಲೂ ಆ ಹೆಸರು ಕೇಳಿಬಂತು. ಒಳ್ಳೆಯದೇ. ಆದರೆ ಚರ್ಮದ ಕೆಲಸದವರನ್ನು ತಲೆಮಾರುಗಟ್ಟಲೆ ಊರಾಚೆ ಇರಿಸಿದ ಜನ ನಾವು. ಈಗ ಅವರದೇ ಕೈಕೆಲಸಕ್ಕೆ ‘ಹ್ಯಾಂಡ್‌ಮೇಡ್’ ಅಂತ ಬಾಯಿ ಚಪ್ಪರಿಸಿ, ಬೆಲೆ ಕೊಡುವಾಗ ಮಾತ್ರ ಹಳೆಯ ಗತ್ತು ತೋರಿಸುತ್ತೇವೆ. ತಾನೂ ಹೆಂಡತಿಯೂ ತೊಡೆಯ ಚರ್ಮ ತೆಗೆದು ಬಸವಣ್ಣನಿಗೆ ಮೆಟ್ಟು ಮಾಡಿಕೊಟ್ಟ ಹರಳಯ್ಯನ ಕಥೆಗೆ ಜಾತ್ರೆಯ ಪೆಂಡಾಲಿನಲ್ಲಿ ಕಣ್ಣೊರೆಸಿಕೊಂಡವರೇ ಆಚೆ ಬಂದು ಚಪ್ಪಲಿಯವನ ಹತ್ತಿರ ಐವತ್ತು ರೂಪಾಯಿಗೆ ಜಗ್ಗಾಡುತ್ತಾರೆ. ಇದನ್ನು ಗೋಡೆಯಾಚೆಗೂ ಹೇಳಿದೆ. ಅಕ್ಕ “ಅಷ್ಟು ಇಳಿಸ್ದ ಅಂದ್ರೆ ಅವನಿಗೂ ಗಿಟ್ತು ತಾನೆ?” ಎಂದು ಒಗ್ಗರಣೆ ಸೀಯುತ್ತಿದೆಯೆಂದು ಒಳಗೆ ಹೋದರು.

ಗಿಟ್ಟಿತೋ, ಬಸ್ ಚಾರ್ಜಿಗೆ ಬಿಟ್ಟುಕೊಟ್ಟನೋ ಅವನಿಗೇ ಗೊತ್ತು. ನೀವು ಮುಂದಿನ ಮೇಳಕ್ಕೆ ಹೋದರೆ ಮೊದಲ ದಿನಗಳಲ್ಲೇ ಹೋಗಿ, ನಿಮ್ಮ ಸೈಜು ಸಿಗುತ್ತದೆ. ಕಾಲು ಊದಿರುವ ಸಂಜೆ ಹೊತ್ತಲ್ಲಿ ಎರಡೂ ಕಾಲಿಗೆ ಹಾಕಿ ನಾಲ್ಕು ಹೆಜ್ಜೆ ನಡೆಯಿರಿ. ಮೊದಲ ವಾರ ಕಚ್ಚುತ್ತದೆ, ಪಟ್ಟಿಗೆ ಕೊಬ್ಬರಿ ಎಣ್ಣೆ ಸವರಿ. ಮಳೆಗೆ ತೊಡಬೇಡಿ, ನೆನೆದರೆ ನೆರಳಲ್ಲೇ ಒಣಗಿಸಿ. ದೇವಸ್ಥಾನಕ್ಕಂತೂ ಬೇಡವೇ ಬೇಡ. ಕೇಳಿದ ಬೆಲೆ ಕೊಟ್ಟುಬಿಡಿ, ಚೌಕಾಸಿಯ ತೀಟೆ ಉಳಿದಿದ್ದರೆ ಬಲೂನಿನವನ ಹತ್ತಿರವೂ ಬೇಡ, ಪಾರ್ಕಿಂಗ್ ಚೀಟಿ ಹರಿಯುವವನ ಹತ್ತಿರ ತೀರಿಸಿಕೊಳ್ಳಿ.