ಆರು ಸಿಲಿಂಡರ್ ಎಲ್ಲಿ ಹೋಯಿತು ಸ್ವಾಮಿ?

“ನಮ್ಮ ಆರು ಸಿಲಿಂಡರ್ ಎಲ್ಲಿ ಸ್ವಾಮಿ?” ಎಂದು 2016ರಲ್ಲಿ ಪೋರ್ಷೆ ಅಭಿಮಾನಿ ಕೇಳಿದ್ದರೆ, ಕಂಪನಿಯ ಲೆಕ್ಕಿಗ ಕೊಡಬಹುದಾಗಿದ್ದ ಪ್ರಾಮಾಣಿಕ ಉತ್ತರ ಒಂದೇ: “ತೆರಿಗೆಯವರು ತಗೊಂಡು ಹೋದ್ರು ರಾಯರೇ.” ಆ ವರ್ಷ ಬಾಕ್ಸ್‌ಸ್ಟರ್, ಕೇಮನ್‌ಗಳಿಗೆ 718 ಎಂದು ನಾಮಕರಣ ಮಾಡಿ, 2.7 ಮತ್ತು 3.4 ಲೀಟರಿನ ಆರು ಸಿಲಿಂಡರ್ ಇಳಿಸಿ, 2.0 ಮತ್ತು 2.5 ಲೀಟರಿನ ಟರ್ಬೊ ನಾಲ್ಕು ಸಿಲಿಂಡರ್ ಕೂರಿಸಿದರು. ಹಳೆಯ ಎಂಜಿನ್ ಕೆಟ್ಟಿತ್ತೇ? ಇಲ್ಲ. ಚೀನಾದಲ್ಲಿ ಎಂಜಿನ್ನಿನ ಗಾತ್ರ ನೋಡಿ ತೆರಿಗೆ: 3 ಲೀಟರ್ ದಾಟಿ 4ರೊಳಗಿದ್ದರೆ ಶೇ. 25, ಎರಡರಿಂದ ಎರಡೂವರೆಯೊಳಗಿದ್ದರೆ ಶೇ. 9. ಯುರೋಪಿನಲ್ಲೋ ಮಾರಿದ ಕಾರುಗಳ ಸರಾಸರಿ ಇಂಗಾಲದ ಡೈಆಕ್ಸೈಡ್ ಮಿತಿ ಮೀರಿದರೆ, 2019ರಿಂದ ಗ್ರಾಮಿಗೆ 95 ಯೂರೊ ದಂಡ, ಅದೂ ಪ್ರತಿ ಕಾರಿಗೆ! ಭಾರತದಲ್ಲಿ ತೆರಿಗೆ ಉಳಿಸಲು 4 ಮೀಟರ್ ಉದ್ದದ ಮಿತಿಗಾಗಿ ಡಿಕ್ಕಿ ಕತ್ತರಿಸಿಕೊಂಡ ಕಾರುಗಳನ್ನು ಕಂಡ ನಮಗೆ ಇದೇನೂ ಹೊಸದಲ್ಲ ಬಿಡಿ.

“ಆದರೆ ಬಾಕ್ಸ್‌ಸ್ಟರಿನ ಶಕ್ತಿ 265ರಿಂದ 300 ಅಶ್ವಶಕ್ತಿಗೆ ಏರಿತಲ್ಲ, ಇದು ಪ್ರಗತಿಯಲ್ಲವೇ?” ಎಂದು ಲೆಕ್ಕಿಗ ಗದರಬಹುದು. ಏರಿದ್ದು ನಿಜ. ಅಷ್ಟೇ ಕಾರಣವಾಗಿದ್ದರೆ 2020ರಲ್ಲಿ ಜಿಟಿಎಸ್ ಮಾದರಿಗೆ 4 ಲೀಟರಿನ ಆರು ಸಿಲಿಂಡರ್ ಮರಳಿ ಬರುತ್ತಿತ್ತೇ? “ಗಿರಾಕಿ ಕೇಳಿದ, ಕೊಟ್ಟೆವು” ಎನ್ನುತ್ತೀರಾ? ಗಿರಾಕಿ 2016ರಲ್ಲೂ ಕೇಳಿದ್ದ ಸ್ವಾಮಿ. ದುಬಾರಿ ಮಾದರಿಯ ಗಿರಾಕಿ ತೆರಿಗೆಯನ್ನೂ ತಾನೇ ಹೊರುತ್ತಾನೆ. ಅಂಥ ಕಾರು ಮಾರಾಟವಾಗುವುದು ಕಡಿಮೆಯಾದ್ದರಿಂದ ಸರಾಸರಿಯೂ ಹೆಚ್ಚು ಕದಲದು. ಅಗ್ಗದ 718 ಮಾತ್ರ ನಾಲ್ಕು ಸಿಲಿಂಡರಿನಲ್ಲೇ ಉಳಿಯಿತು.