ಸಂದುಗೊಂದಿನ ಪಾಲಿಶರ್

ಬಾನೆಟ್ಟಿಗೆ ಪಾಲಿಶ್ ಹೊಡೆಯುವುದೇನು ಮಹಾ? ಆರಿಂಚಿನ ಪ್ಯಾಡ್ ಇಟ್ಟರೆ ಮೆಷಿನ್ನು ತಾನಾಗಿ ಓಡುತ್ತದೆ, ನೋಡುವವರೂ ಭೇಷ್ ಅನ್ನುತ್ತಾರೆ. ಮಾನ ಹೋಗುವುದು ಸಂದುಗೊಂದಿನಲ್ಲಿ. ಡೋರ್ ಹ್ಯಾಂಡಲಿನ ಹಿಂದಿನ ಗುಳಿ ನೋಡಿ: ಉಂಗುರ, ಬಳೆ, ಉಗುರುಗಳು ಸೇರಿ ಅಲ್ಲಿ ಇಡೀ ಮನೆತನದ ರುಜು ಹಾಕಿರುತ್ತವೆ. ಅದರೊಳಗೆ ಆರಿಂಚು ತೂರಿಸುವುದೆಂದರೆ ಒರಳುಕಲ್ಲನ್ನು ಒಳಲೆಯಲ್ಲಿ ಇಟ್ಟಂತೆ.

ಅಂಗಡಿಯವನು ವಾಟ್ ಲೆಕ್ಕ ಹೇಳುತ್ತಾನೆ. ಹೇಳಲಿ ಬಿಡಿ, ನೀವು ಮೆಷಿನ್ನಿನ ತಲೆ ಎಷ್ಟು ದಪ್ಪ ಅಂತ ನೋಡಿ. ಬಾಗಿಲ ಪಿಲ್ಲರಿಗೆ, ಬಂಪರಿಗೆ ಮೂರಿಂಚು ಸಾಕು. ಕನ್ನಡಿಯ ಬುಡಕ್ಕೆ ಒಂದೋ ಎರಡೋ ಇಂಚು. ರುಪೆಸ್ ಕಂಪನಿಯ ನ್ಯಾನೊ ಎಂಬ ಪುಟ್ಟ ಪಾಲಿಶರಿಗೆ 3 ಮಿ.ಮೀ., 12 ಮಿ.ಮೀ. ಸುತ್ತಾಟದ ತಲೆಗಳಿವೆ, ಇದ್ದಲ್ಲೇ ತಿರುಗುವ ರೋಟರಿಯೂ ಇದೆ, ಬ್ಯಾಟರಿಯಲ್ಲೂ ಓಡುತ್ತದೆ. ಬೆಲೆ ಕೇಳಿದ ಮೇಲೆ ಗೀರುಗಳು ಅಷ್ಟೇನೂ ಎದ್ದು ಕಾಣುವುದಿಲ್ಲ.

ರೋಟರಿ ಬೇಗ ಕೆಲಸ ಮುಗಿಸುತ್ತದೆ, ಕೆಲವೊಮ್ಮೆ ಪೇಂಟನ್ನೂ. ಅಂಚಿನಲ್ಲಿ ಕ್ಲಿಯರ್ ಕೋಟ್ ಮೊದಲೇ ತೆಳು; ಚಿಕ್ಕ ಪ್ಯಾಡು ಒಂದೇ ಕಡೆ ತಿರುಗುತ್ತ ಬಿಸಿಯೇರಿಸಿದರೆ ಕೆಳಗಿನ ಬಣ್ಣ ಇಣುಕುತ್ತದೆ. ಹೊಸಬರಿಗೆ ಸುತ್ತಾಟದ ತಲೆ, ಅಂದರೆ ಡ್ಯುಯಲ್ ಆಕ್ಷನ್ನೇ ಕ್ಷೇಮ.

ಬ್ಯಾಡ್ಜಿನ ಅಕ್ಷರಗಳ ನಡುವೆ ಮಾತ್ರ ಬೆರಳಿಗೆ ಮೈಕ್ರೋಫೈಬರ್ ಸುತ್ತಿಕೊಂಡೇ ಉಜ್ಜಬೇಕು. ಆ ಮೆಷಿನ್ನಿಗೆ ಚಾರ್ಜರ್ ಬೇಡ, ನಡುನಡುವೆ ಕಾಫಿ ಬಿದ್ದರಾಯಿತು.