ಚೀಟಿ ಹೋಯಿತು, ಅಂಟು ಉಳಿಯಿತು

ನ್ಯೂಜೆರ್ಸಿಯ ಎಡಿಸನ್ ಪಟ್ಟಣದ ಓಕ್ ಟ್ರೀ ರಸ್ತೆಗೆ ಸಮೀಪವಾಗಿ ವಾಸಿಸುವ ಯಾವ ಕನ್ನಡ ಗೃಹಸ್ಥನ ಅಡಿಗೆಮನೆಯನ್ನಾದರೂ ಹೊಕ್ಕು ನೋಡಿ, ಪಾತ್ರೆ ತೊಳೆಯುವ ತೊಟ್ಟಿಯಲ್ಲಿ ಬಿಸಿನೀರಿನೊಳಗೆ ಮುಳುಗಿ ಕುಳಿತ ಗಾಜಿನ ಸೀಸೆಯೊಂದು ಕಣ್ಣಿಗೆ ಬೀಳದಿದ್ದರೆ, ಆ ಮನೆಗೆ ಊರಿನಿಂದ ಹಿರಿಯರಾರೂ ಇನ್ನೂ ಆಗಮಿಸಿಲ್ಲವೆಂದೇ ತಿಳಿಯತಕ್ಕದ್ದು. ಟೊಮ್ಯಾಟೊ ಸಾಸಿನದೋ, ಸಾಲ್ಸಾದ್ದೋ, ಆಲಿವ್ ಕಾಯಿಯದೋ ಆದ ಆ ಸೀಸೆಯು ಪೂರ್ವಾಶ್ರಮದ ನಾಮಧೇಯವನ್ನು ತ್ಯಜಿಸಿ, ಸಾರಿನ ಪುಡಿಯ ಡಬ್ಬಿಯಾಗಿ ದ್ವಿಜತ್ವವನ್ನು ಹೊಂದುವುದಕ್ಕೆ ಮುನ್ನ ವಿಧಿಸಲ್ಪಟ್ಟ ಮಂಗಳಸ್ನಾನವದು.

ಹಾಸನದಿಂದ ಆರು ತಿಂಗಳ ಮಟ್ಟಿಗೆ ದಯಮಾಡಿಸಿದ ನಮ್ಮ ಅತ್ತೆಯವರು, ಹಾರ್ಲಿಕ್ಸ್ ಸೀಸೆಯಲ್ಲಿ ಉಪ್ಪಿನಕಾಯಿಯನ್ನೂ ಬೋರ್ನ್‌ವಿಟಾ ಡಬ್ಬಿಯಲ್ಲಿ ಮೆಂತ್ಯವನ್ನೂ ಇಟ್ಟು ಸಂಸಾರ ನಡೆಸಿದ ತಲೆಮಾರಿಗೆ ಸೇರಿದವರಾದಕಾರಣ, ಬಿಗಿಯಾದ ಮುಚ್ಚಳವುಳ್ಳ ಗಟ್ಟಿ ಗಾಜಿನ ಪಾತ್ರೆಯೊಂದನ್ನು ಬೀದಿಯಂಚಿನ ತೊಟ್ಟಿಗೆ ಹಾಕಿ ಬರುವ ಅಳಿಯನಿಗೆ ಮಗಳನ್ನು ಕೊಟ್ಟೆವಲ್ಲಾ ಎಂದು ಒಳಗೊಳಗೇ ನೊಂದರು. ಅದನ್ನು ಪುನಃ ಕರಗಿಸಿ ಹೊಸ ಗಾಜು ಮಾಡುತ್ತಾರೆಂದು ನಾನು ವಿವರಿಸಲು, "ಇರೋ ಸೀಸೆ ಒಡೆದು ಇನ್ನೊಂದು ಸೀಸೆ ಮಾಡೋದಕ್ಕೆ ಅಷ್ಟು ದೂರ ಲಾರಿ ಬೇರೆ ಬರಬೇಕೆ?" ಎಂದು ಕೇಳಿದರು. ಈ ಪ್ರಶ್ನೆಗೆ ಸಮಾಧಾನವನ್ನು ನಮ್ಮ ಪುರಸಭೆಯವರು ಕೊಟ್ಟಾರೇ ಹೊರತು ನನ್ನಿಂದ ಸಾಧ್ಯವಿಲ್ಲ. ಅಂದಿನಿಂದ ಸೀಸೆಗಳ ಸಂಗ್ರಹ ಅವರದು, ಚೀಟಿ ಕೀಳುವ ಕೈಂಕರ್ಯ ನನ್ನದು.

ಹಿಂದಿನ ಕಾಲದ ಚೀಟಿಗಳು ಸಜ್ಜನರಾಗಿದ್ದವೆಂಬುದನ್ನು ಇಲ್ಲಿ ಹೇಳದಿದ್ದರೆ ಅಪಚಾರವಾದೀತು. ಪಿಷ್ಟದಿಂದ ತಯಾರಾದ ಆ ಗೋಂದು ನೀರಿನಲ್ಲಿ ಕರಗುವಂಥಾದ್ದಾದ್ದರಿಂದ, ರಾತ್ರಿ ನೆನೆಹಾಕಿದರೆ ಬೆಳಗ್ಗೆ ಕಾಗದ ತಾನೇ ತೇಲಿಬರುತ್ತಿತ್ತು. ಆದರೆ 1935ರಲ್ಲಿ ಲಾಸ್ ಏಂಜಲೀಸ್ ನಗರದ ಸ್ಟ್ಯಾಂಟನ್ ಏವರಿ ಎಂಬಾತ, ತಾನು ಮದುವೆಯಾಗಲಿದ್ದ ಶಾಲಾ ಉಪಾಧ್ಯಾಯಿನಿಯಿಂದ 100 ಡಾಲರ್ ಸಾಲ ಪಡೆದು, ನೀರು ತಗುಲಿಸದೆ ಬೆರಳೊತ್ತಿದ ಮಾತ್ರಕ್ಕೆ ಹಿಡಿದುಕೊಳ್ಳುವ ಚೀಟಿಗಳನ್ನು ತಯಾರಿಸತೊಡಗಿದನು. ಅವು ಗುರುತೂ ಉಳಿಯದಂತೆ ಬಿಡಿಸಿದೊಡನೆ ಬಂದುಬಿಡುತ್ತವೆಂಬುದೇ ಆತನ ಸರಕಿನ ಹೆಗ್ಗಳಿಕೆಯಾಗಿತ್ತಂತೆ. ಗೃಹಿಣಿಯಾಗಲಿದ್ದವಳ ದುಡ್ಡಿನಿಂದಲೇ ಗೃಹಕೃತ್ಯದ ಈ ಉಪದ್ರವಕ್ಕೆ ಅಂಕುರಾರ್ಪಣೆಯಾಯಿತೆಂಬುದನ್ನು ನೆನೆದಾಗಲೆಲ್ಲ ನನಗೆ ವಿಧಿಯ ವಿನೋದಬುದ್ಧಿಯಲ್ಲಿ ಗೌರವ ಹುಟ್ಟುತ್ತದೆ.

ಈ ನವೀನ ಅಂಟಿನ ಸ್ವಭಾವವೇ ವಿಲಕ್ಷಣ. ಅದು ಒಣಗಿ ಗಟ್ಟಿಯಾಗುವ ಪದಾರ್ಥವಲ್ಲ. ರಬ್ಬರಿನ ಇಲ್ಲವೆ ಅಕ್ರಿಲಿಕ್‌ನ ನೀಳವಾದ ಅಣುಸರಪಳಿಗಳಿಂದಾದ ಅದು ಘನವೂ ಅಲ್ಲದ ದ್ರವವೂ ಅಲ್ಲದ ತ್ರಿಶಂಕು ಸ್ಥಿತಿಯಲ್ಲಿ ಸದಾ ಮೆತ್ತಗಿದ್ದು, ಗಾಜಿನ ಮೇಲ್ಮೈಯ ಸೂಕ್ಷ್ಮಾತಿಸೂಕ್ಷ್ಮವಾದ ಏರುತಗ್ಗುಗಳೊಳಕ್ಕೆಲ್ಲ ಹರಿದು ಕುಳಿತುಬಿಡುತ್ತದೆ. ನೀರು ಕಾಗದವನ್ನು ನೆನೆಸೀತೇ ಹೊರತು ಅಂಟನ್ನು ಸೋಕದು. ಆದ್ದರಿಂದ ಚೀಟಿಯ ಮೇಲಣ ಟೊಮ್ಯಾಟೊ ಚಿತ್ರವೆಲ್ಲ ತೊಳೆದುಹೋದ ಬಳಿಕ ಬೂದುಬಣ್ಣದ ಜಿಗುಟೊಂದು ಉಳಿದು, ಮನೆಯಲ್ಲಿ ಹಾರಾಡುವ ಧೂಳನ್ನೂ ಕೂದಲನ್ನೂ ಆದರದಿಂದ ಬರಮಾಡಿಕೊಳ್ಳುತ್ತದೆ.

ಇದರ ಪರಿಹಾರದ ವಿಷಯದಲ್ಲಿ ನಮ್ಮ ಮನೆಯೊಳಗೆ ಮತತ್ರಯಗಳುಂಟು. ಸ್ಟೀಲ್ ಲೋಟದ ಚೀಟಿಯನ್ನು ಗ್ಯಾಸಿನ ಉರಿಗೆ ಹಿಡಿದು ಸರ್ರನೆ ಎಳೆಯುವ ಊರಿನ ಸಂಪ್ರದಾಯ ಅತ್ತೆಯವರದು. ಬಿಸಿಯಾದ ಅಂಟು ಸಡಿಲವಾಗುವುದರಿಂದ ಶಾಸ್ತ್ರಸಮ್ಮತವೇ ಆದರೂ, ನಮ್ಮ ಬಾಡಿಗೆಮನೆಯ ವಿದ್ಯುತ್ ಒಲೆಯಲ್ಲಿ ಜ್ವಾಲೆಯೆಂಬುದೇ ಇಲ್ಲ. ಆ ಕೊರತೆಯನ್ನು ನನ್ನಾಕೆ ಕೂದಲೊಣಗಿಸುವ ಯಂತ್ರದಿಂದ ತುಂಬಿಸಿದಳು. ಅಮೆರಿಕೆಯಲ್ಲೇ ಹುಟ್ಟಿದ ಮಗಳಾದರೋ ಉಗುರುಬಣ್ಣ ಅಳಿಸುವ ಅಸಿಟೋನ್ ತಂದು, ಗಾಜಿನ ಮೇಲೆ ಅದು ನಿರಪಾಯವಾಗಿ ವರ್ತಿಸಿದ್ದನ್ನು ಕಂಡು ಹುರುಪುಗೊಂಡು, ಅಕ್ರಿಲಿಕ್ಕಿನ ಸಕ್ಕರೆ ಡಬ್ಬಿಗೂ ಬಳಿದಳು. ಪಾರದರ್ಶಕವಾಗಿದ್ದ ಡಬ್ಬಿಯು ಅಂದಿನಿಂದ ಮಂಜು ಮುಸುಕಿದ್ದು, ಸಕ್ಕರೆ ಮುಗಿದದ್ದು ಕಾಫಿ ಬೆರೆಸುವ ಹೊತ್ತಿಗಲ್ಲದೆ ತಿಳಿಯದಾಗಿದೆ.

ಕಡೆಗೆ ಅಂಗಡಿಯಿಂದ ಕಿತ್ತಳೆಯ ತೈಲವೆಂದು ಬರೆದ ಪುಟ್ಟ ಸೀಸೆಯೊಂದನ್ನು ತರಲಾಯಿತು. ಕಿತ್ತಳೆ ಸಿಪ್ಪೆಯಲ್ಲಿರುವ ಲಿಮೊನೀನ್ ಎಂಬ ದ್ರವ್ಯವು ಅಂಟಿನೊಳಹೊಕ್ಕು ಅದನ್ನು ಉಬ್ಬಿಸಿ ಹಿಡಿತ ತಪ್ಪಿಸುತ್ತದೆಂದು ನಾನು ಉಪನ್ಯಾಸ ಮಾಡುತ್ತಿರುವಾಗಲೇ, ಅತ್ತೆಯವರು ಅದರ ಬೆಲೆಯನ್ನು ರೂಪಾಯಿಗೆ ತಿರುಗಿಸಿ, ದಿಗ್ಭ್ರಾಂತರಾಗಿ, ಗೊಜ್ಜಿಗೆಂದು ತೆಗೆದಿರಿಸಿದ್ದ ಸಿಪ್ಪೆಯೊಂದನ್ನು ಹಿಂಡಿ ಉಜ್ಜಿ ತೋರಿಸಿದರು. ಅಂಟು ಕೊಂಚ ಅಲುಗಿತು. ಮಿಕ್ಕದ್ದಕ್ಕೆ ಕೊಬ್ಬರಿ ಎಣ್ಣೆಯಲ್ಲಿ ಅಡಿಗೆ ಸೋಡ ಕಲಸಿ ಬಳಿದು ಅರ್ಧ ಗಂಟೆ ಬಿಟ್ಟು ಒರೆಸಿದರು; ಬೆರಳಿಟ್ಟರೆ ಜಾರುವಂತಾಯಿತು. ಎಣ್ಣೆಗೆ ಸೋಲುವ ವಸ್ತುವಿನೊಡನೆ ನೀರು ಹಾಕಿ ಕಾದಾಡುವುದು ಅವಿವೇಕವೆಂಬುದು, ಅಭ್ಯಂಜನದ ನಾಡಿನಲ್ಲಿ ಹುಟ್ಟಿದವನಿಗೆ ಮೊದಲೇ ಹೊಳೆಯಬೇಕಿತ್ತು.

ಇನ್ನು ಕನ್ನಡ ಕೂಟದ ಯುಗಾದಿ ಭೋಜನದ ವಿಚಾರ. ಊರಿನಲ್ಲಿ ಪಾತ್ರೆಗೆ ಹೆಸರು ಕೊರೆಸುವುದುಂಟಷ್ಟೆ. ಇಲ್ಲಿ ಕೊರೆಯುವವರಿಲ್ಲದ ಕಾರಣ, ಮನೆಮನೆಯಿಂದ ಬಂದ ಬಿಸಿಬೇಳೆ ಭಾತಿನ ಪಾತ್ರೆಗಳ ತಳಕ್ಕೆ ಕಾಗದದ ಪಟ್ಟಿ ಅಂಟಿಸಿ ಒಡತಿಯ ಹೆಸರನ್ನು ಬರೆಯುವುದು ರೂಢಿ. ಆ ಪಟ್ಟಿ ಓವನ್ನಿನಲ್ಲಿ ಒಮ್ಮೆ ಕಾಯ್ದರೆ ತೀರಿತು, ಹೆಸರು ಅಳಿದೀತು, ಜಿಗುಟು ಅಳಿಯದು.

ಇಷ್ಟೆಲ್ಲ ವಿದ್ಯೆಯ ಪರೀಕ್ಷೆಯು ಊರಿಗೆ ಹೊರಡುವ ಹಿಂದಿನ ರಾತ್ರಿ ನಡೆಯುತ್ತದೆ. ಬಂಧುಗಳಿಗೆ ಒಯ್ಯುವ ಸಾಮಾನುಗಳ ಬೆಲೆಚೀಟಿಯನ್ನು, ರಿಯಾಯಿತಿಯ ಕೆಂಪು ಚೀಟಿಯನ್ನು ವಿಶೇಷತಃ, ಕಿತ್ತೊಗೆಯಬೇಕು. ಡಾಲರನ್ನು ರೂಪಾಯಿಯಿಂದ ಗುಣಿಸಿ ಪ್ರೀತಿಯ ಪ್ರಮಾಣವನ್ನು ನಿಷ್ಕರ್ಷಿಸುವ ಚಿಕ್ಕಪ್ಪಂದಿರಿದ್ದಾರೆ. ಅದಕ್ಕಿಂತ ಸೂಕ್ಷ್ಮವಾದದ್ದು ತಯಾರಾದ ದೇಶದ ಚೀಟಿ. ಅಮೆರಿಕದ ಅಂಗಡಿಗಳಲ್ಲಿ ಮಾರುವ ಟವೆಲು, ಹಾಸಿಗೆ ವಸ್ತ್ರ, ಸ್ಟೀಲ್ ಸಾಮಾನುಗಳಲ್ಲಿ ಅನೇಕವು ಭರತಖಂಡದಿಂದಲೇ ಹಡಗೇರಿ ಬಂದವು. ಅವನ್ನು ವಿಮಾನವೇರಿಸಿ ಸ್ವದೇಶಕ್ಕೆ ಮರಳಿಸುವಾಗ ಜನ್ಮಸ್ಥಳವನ್ನು ಗೋಪ್ಯವಾಗಿಡುವುದು ನಮ್ಮಂಥವರ ಕುಲಧರ್ಮ. ಹೀಗೆ ನಡುರಾತ್ರಿಯವರೆಗೂ ಎಣ್ಣೆ ಹಚ್ಚಿ, ಉಜ್ಜಿ, ಒರೆಸಿ, ಲೇಶಮಾತ್ರವೂ ಜಿಗುಟಿಲ್ಲದಂತೆ ಮಾಡಿದ ಸ್ಟೀಲ್ ಡಬ್ಬಿಯೊಂದನ್ನು ಹಾಸನದ ಸೋದರತ್ತೆಯ ಕೈಗಿತ್ತೆ. ಆಕೆ ಮುಚ್ಚಳ ತೆಗೆದು ನೋಡಿ, ಮೂಸಿ, ಕೊಬ್ಬರಿ ಎಣ್ಣೆಯ ವಾಸನೆಗೆ ಹುಬ್ಬೇರಿಸಿ, ಡಬ್ಬಿಯನ್ನು ತಲೆಕೆಳಗಾಗಿ ತಿರುಗಿಸಿ, ಯಾವ ತೈಲಕ್ಕೂ ಬಗ್ಗದಂತೆ ತಳದಲ್ಲಿ ಅಚ್ಚೊತ್ತಿದ್ದ "ಇಂಡಿಯಾ" ಎಂಬ ಅಕ್ಷರಗಳನ್ನು ಕನ್ನಡಕ ಸರಿಪಡಿಸಿಕೊಂಡು ಓದಿ ಹೇಳಿದರು: "ಬೆಲೆಚೀಟಿ ಯಾಕೋ ಕಿತ್ತೆ? ಎಷ್ಟಕ್ಕೆ ಟೋಪಿ ಬಿತ್ತು ಅಂತಾದರೂ ಗೊತ್ತಾಗ್ತಿತ್ತು."